ಮುಖ ಅಳಿಸಿದರು, ನಾಣ್ಯ ಉಳಿಸಿದರು: ಅಲೆಕ್ಸಾಂಡರನ ವಾರಸುದಾರರಿಂದ ನಾಸಿಕ್‌ವರೆಗೆ

ವಿಡಿಯೊ ನೋಡೋಕೆ ಟೈಮ್ ಸಿಗದವರಿಗೆ, ಹೆಸರುಗಳನ್ನ ಇನ್ನೊಮ್ಮೆ ನಿಧಾನವಾಗಿ ಓದಬೇಕು ಅನ್ನೋರಿಗೆ ಈ ಬರಹ.

ಪುಣೆ, ಮುಂಬೈ, ನಾಸಿಕ್ ಕಡೆ ಕೆಲಸಕ್ಕೆ ಬಂದಿರೋ ನಮ್ಮ ಹುಡುಗರು ಸಾಲ್ಹೇರ್, ಮುಲ್ಹೇರ್ ಟ್ರೆಕ್‌ಗೆ ಅಂತ ಸಟಾಣಾ ಕಡೆ ಹೋಗ್ತಾರೆ. ಆ ಬಾಗಲಾಣ ಸೀಮೆಯ ಒಂದು ಕಡೆ ಗುಜರಾತ್, ಇನ್ನೊಂದು ಕಡೆ ದಖ್ಖನ್. ಮರಾಠರು ಮತ್ತು ಮೊಘಲರು 1672ರಲ್ಲಿ ಸಾಲ್ಹೇರ್‌ನಲ್ಲಿ ಹೊಡೆದಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಸುಮಾರು 1500 ವರ್ಷ ಮೊದಲೇ ಇದೇ ನಾಸಿಕ್ ಪ್ರದೇಶಕ್ಕಾಗಿ ಇನ್ನೊಂದು ದೊಡ್ಡ ಜಗಳ ಆಗಿತ್ತು. ಅದರ ಒಂದು ಎಳೆ ಬ್ಯಾಬಿಲೋನ್‌ವರೆಗೆ ಹೋಗುತ್ತೆ. ಅಲ್ಲಿಂದಲೇ ಶುರು ಮಾಡೋಣ.

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಬ್ಯಾಬಿಲೋನ್‌ನಲ್ಲಿ ತೀರಿಕೊಂಡ. ಉತ್ತರಾಧಿಕಾರಿ ಯಾರು ಅನ್ನೋದು ಇತ್ಯರ್ಥ ಆಗಿರಲಿಲ್ಲ. ಮಲಸಹೋದರನನ್ನೂ, ಆಮೇಲೆ ಹುಟ್ಟಿದ ಮಗನನ್ನೂ ಹೆಸರಿಗೆ ರಾಜರನ್ನಾಗಿ ಮಾಡಿದರು. ಹದಿನೈದು ವರ್ಷದೊಳಗೆ ಇಬ್ಬರೂ ಕೊಲೆಯಾದರು. ಅಧಿಕಾರವೆಲ್ಲ ಸೇನಾಪತಿಗಳ ಕೈಯಲ್ಲಿತ್ತು. ಈಜಿಪ್ಟ್ ಟಾಲೆಮಿಗೆ, ಬ್ಯಾಬಿಲೋನ್ ಸೆಲ್ಯೂಕಸ್‌ಗೆ, ಏಷ್ಯಾ ಮೈನರ್ ಆಂಟಿಗೋನಸ್‌ಗೆ.

ಇವರ್ಯಾರೂ ರಾಜನ ಮಕ್ಕಳಲ್ಲ. ಹಾಗಾದ್ರೆ ಜನ ಯಾಕೆ ಒಪ್ಪಬೇಕು? ಅವರು ಕಂಡುಕೊಂಡ ಒಂದು ಉತ್ತರ ನಾಣ್ಯ. ಮೊದಲು ಅಲೆಕ್ಸಾಂಡರನ ಹೆಸರಲ್ಲೇ, ಅವನ ಮಾದರಿಯಲ್ಲೇ ಬೆಳ್ಳಿ ನಾಣ್ಯ ಹೊಡೆಸಿದರು. ಟಾಲೆಮಿ ಅವನ ತಲೆಗೆ ಆನೆಯ ಚರ್ಮದ ಶಿರಸ್ತ್ರಾಣ ತೊಡಿಸಿ ನಾಣ್ಯದ ಮೇಲೆ ಕೂರಿಸಿದ. ಆಂಟಿಗೋನಸ್ ಕ್ರಿ.ಪೂ. 306ರಲ್ಲಿ "ನಾನೇ ರಾಜ" ಅಂದ ಮೇಲೆ ಉಳಿದವರೂ ಹಿಂದೆ ಬೀಳಲಿಲ್ಲ. ಟಾಲೆಮಿ ಬದುಕಿರುವಾಗಲೇ ತನ್ನದೇ ಮುಖ ಅಚ್ಚು ಹಾಕಿಸಿದ. ಆಳುವವನ ಮುಖ ನಾಣ್ಯದ ಮೇಲೆ ಇರಬೇಕು ಅನ್ನೋ ರೂಢಿ ಹೀಗೆ ಗಟ್ಟಿಯಾಯ್ತು.

ನಮ್ಮ ದೇಶಕ್ಕೂ ಈ ಜಗಳಕ್ಕೂ ನೇರ ಸಂಬಂಧ ಇದೆ. ಸೆಲ್ಯೂಕಸ್ ಸಿಂಧೂ ಕಡೆಯ ಪ್ರಾಂತ್ಯಗಳನ್ನ ಚಂದ್ರಗುಪ್ತ ಮೌರ್ಯನಿಗೆ ಬಿಟ್ಟುಕೊಟ್ಟು 500 ಆನೆ ಪಡೆದ. ಆ ಆನೆಗಳ ಬಲದಿಂದ ಕ್ರಿ.ಪೂ. 301ರಲ್ಲಿ ಇಪ್ಸಸ್ ಯುದ್ಧ ಗೆದ್ದ, ಆಂಟಿಗೋನಸ್ ಅಲ್ಲೇ ಸತ್ತ. ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡ ಅಂತ ಜೈನ ಪರಂಪರೆ ಹೇಳೋ ಚಂದ್ರಗುಪ್ತ ಇವನೇ.

ಮುಂದೆ ಸೆಲ್ಯೂಕಸ್ ವಂಶದ ಕೈಯಿಂದ ಬ್ಯಾಕ್ಟ್ರಿಯ ಜಾರಿತು. ಅಲ್ಲಿನ ಗ್ರೀಕರು ಹಿಂದೂಕುಶ್ ದಾಟಿ ಇಳಿದು ಬಂದರು. ನಾಣ್ಯವನ್ನ ಇಲ್ಲಿನ ಮಾರ್ಕೆಟ್‌ಗೆ ತಕ್ಕಂತೆ ಬದಲಿಸಿದರು: ಒಂದು ಬದಿ ಗ್ರೀಕ್, ಇನ್ನೊಂದು ಬದಿ ಪ್ರಾಕೃತ. ಅಲೆಕ್ಸಾಂಡರನ ಡ್ರಾಕ್ಮ 4 ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತಿತ್ತು, ಇವರದ್ದು ಸುಮಾರು 2.4 ಗ್ರಾಂ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಲೋಕಲೈಸೇಶನ್. ಅಪೊಲೊಡೋಟಸ್, ಮೆನಾಂಡರ್ ಹೆಸರಿನ ಹಳೇ ನಾಣ್ಯಗಳು ಭರೂಚ್ ಬಂದರಲ್ಲಿ ಇನ್ನೂ ಚಲಾವಣೆಯಲ್ಲಿವೆ ಅಂತ ಕ್ರಿ.ಶ. 1ನೇ ಶತಮಾನದ 'ಪೆರಿಪ್ಲಸ್' ಬರೆದ ಗ್ರೀಕ್ ವ್ಯಾಪಾರಿ ದಾಖಲಿಸಿದ್ದಾನೆ. ಆ ರಾಜರು ಸತ್ತು ಆಗಲೇ ಸುಮಾರು ಎರಡು ಶತಮಾನ ಆಗಿತ್ತು. ಜನ ಮುಖ ನೋಡಿ ಅಲ್ಲ, ಬೆಳ್ಳಿ ನಂಬಿ ತಗೋತಿದ್ರು.

ಈಗ ನಾಸಿಕ್‌ಗೆ ಬರೋಣ. ಭರೂಚ್ ಬಂದರಿಗೂ ಶಾತವಾಹನರ ಪೈಠಣಕ್ಕೂ ನಡುವೆ ವ್ಯಾಪಾರ ಜೋರಾಗಿತ್ತು. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿರೋ ಪೈಠಣವೇ ಅದು. ಈ ದಾರಿಯ ಮೇಲಿನ ಹಿಡಿತಕ್ಕಾಗಿ ಶಕರ ಕ್ಷಹರಾತ ವಂಶದ ನಹಪಾನ ಬಂದ. ಅವನ ಬೆಳ್ಳಿ ನಾಣ್ಯ ಸುಮಾರು 2 ಗ್ರಾಂ. ಮೇಲೆ ಅವನ ಮುಖ, ಸುತ್ತಲೂ ಗ್ರೀಕ್ ಅಕ್ಷರ. ಹಿಂದೆ ಬಾಣ, ವಜ್ರಾಯುಧ, ಬ್ರಾಹ್ಮಿ ಮತ್ತು ಖರೋಷ್ಠಿ ಬರಹ. ಗ್ರೀಕ್ ಅಕ್ಷರದಲ್ಲಿ ಬರೆದದ್ದು ಮಾತ್ರ ಪ್ರಾಕೃತವೇ.

ಅವನ ಅಳಿಯ ಉಷವದಾತನ ಶಾಸನ ಪಾಂಡವಲೇಣಿಯ 10ನೇ ಗುಹೆಯಲ್ಲಿದೆ. ಭಿಕ್ಷುಗಳ ಖರ್ಚಿಗೆ ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ 2000 ಕಾರ್ಷಾಪಣ ತಿಂಗಳಿಗೆ ಶೇ. 1ರ ಬಡ್ಡಿಗೆ, ಇನ್ನೊಂದರಲ್ಲಿ 1000 ಕಾರ್ಷಾಪಣ ಶೇ. 0.75ಕ್ಕೆ ಇಟ್ಟಿದ್ದಾನೆ. ಅಸಲು ಮುಟ್ಟೋ ಹಾಗಿಲ್ಲ, ಬಡ್ಡಿ ಮಾತ್ರ ಬಳಸಬೇಕು. ಪಕ್ಕಾ ಎಫ್‌ಡಿ.

ಆಮೇಲೆ ಗೌತಮಿಪುತ್ರ ಶಾತಕರ್ಣಿ ನಹಪಾನನ ಅಧಿಕಾರವನ್ನ ಮುರಿದ. ಅವನ ತಾಯಿ ಗೌತಮಿ ಬಲಶ್ರೀ, ಮೊಮ್ಮಗ ಪುಳುಮಾವಿಯ 19ನೇ ಆಳ್ವಿಕೆಯ ವರ್ಷದಲ್ಲಿ 3ನೇ ಗುಹೆಯಲ್ಲಿ ಶಾಸನ ಕೆತ್ತಿಸಿದಳು. ಮಗ ಶಕ, ಯವನ, ಪಹ್ಲವರನ್ನ ಸೋಲಿಸಿದ, ಕ್ಷಹರಾತ ವಂಶವನ್ನ 'ನಿರವಶೇಷ' ಮಾಡಿದ, ಅಂದ್ರೆ ಏನೂ ಉಳಿಸಲಿಲ್ಲ ಅನ್ನುತ್ತೆ ಅದು.

ನಿಜವಾಗ್ಲೂ ಏನೂ ಉಳಿಸಲಿಲ್ವಾ? 1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಲ್‌ಟೆಂಭಿಯಲ್ಲಿ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ತು. ಅದರಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಗೌತಮಿಪುತ್ರ ತನ್ನ ಮುದ್ರೆ ಒತ್ತಿಸಿದ್ದ. ಒಂದು ಬದಿ ಮೂರು ಕಮಾನಿನ ಬೆಟ್ಟ, ಇನ್ನೊಂದು ಬದಿ ಉಜ್ಜಯಿನಿ ಚಿಹ್ನೆ. ಕರಗಿಸಲಿಲ್ಲ, ತೂಕ ಬದಲಿಸಲಿಲ್ಲ. ಎಷ್ಟೋ ನಾಣ್ಯಗಳಲ್ಲಿ ಹೊಸ ಮುದ್ರೆಯ ಅಡಿಯಿಂದ ನಹಪಾನನ ಮೂಗು, ಗ್ರೀಕ್ ಅಕ್ಷರದ ತುಂಡು ಇನ್ನೂ ಇಣುಕ್ತವೆ. ಜಮೀನಿನ ಕತೆಯೂ ಹಾಗೇ. ಉಷವದಾತ ಅನುಭವಿಸುತ್ತಿದ್ದ 200 ನಿವರ್ತನ ಹೊಲವನ್ನ ಗೌತಮಿಪುತ್ರ ಅದೇ ಬೆಟ್ಟದ ಭಿಕ್ಷುಗಳಿಗೆ ಕೊಟ್ಟ ಆದೇಶವೂ 3ನೇ ಗುಹೆಯಲ್ಲೇ ಇದೆ. ಬೌದ್ಧ ಗುಹೆಗಳನ್ನ ಪೋಷಿಸೋ ಕೆಲಸ ನಿಲ್ಲಲಿಲ್ಲ, ದಾನಿಯ ಹೆಸರು ಬದಲಾಯ್ತು.

ಅದಕ್ಕಿಂತ ದೊಡ್ಡದು ಇನ್ನೊಂದು. ಮುಂದೆ ಪುಳುಮಾವಿ, ಯಜ್ಞ ಶಾತಕರ್ಣಿಯಂಥ ಶಾತವಾಹನರು ತಮ್ಮದೇ ಮುಖದ ಬೆಳ್ಳಿ ನಾಣ್ಯ ಹೊರಡಿಸಿದರು. ನಿರ್ನಾಮ ಮಾಡಿದೆವು ಅಂದ ಶತ್ರುವಿನ ಫಾರ್ಮ್ಯಾಟನ್ನೇ ಗೆದ್ದವರು ತಗೊಂಡರು. ಟಾಲೆಮಿ ಕಾಲದ ರೂಢಿ ಸುಮಾರು ನಾಲ್ಕು ಶತಮಾನ ಕಳೆದು ದಖ್ಖನಿನ ರಾಜನ ಕೈಗೆ ಬಂತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, "ಶಾತವಾಹನರು ಯಾರವರು" ಅನ್ನೋ ವಾದ ನಮ್ಮ ಕ್ಯಾಂಟೀನುಗಳಲ್ಲಿ ಆಗಾಗ ಬಿಸಿ ಏರುತ್ತೆ. ಮರಾಠಿ ಗೆಳೆಯರು ಪೈಠಣ ತೋರಿಸ್ತಾರೆ. ತೆಲುಗಿನವರು ಅಮರಾವತಿ ಅಂತಾರೆ. ನಾವು ಬಳ್ಳಾರಿ ಸೀಮೆಯ ಮ್ಯಾಕದೋನಿ ಶಾಸನದ 'ಸಾತವಾಹನಿಹಾರ', ಬನವಾಸಿ, ಸನ್ನತಿ ಅಂತೀವಿ. ಮೂರಕ್ಕೂ ಆಧಾರ ಇದೆ. ಆದರೆ ಈ ವಾದದಲ್ಲಿ ಎಲ್ಲರೂ ಹುಡುಕೋದು ಬೇರೆಯವರ ಗುರುತೇ ಇಲ್ಲದ ಒಬ್ಬ 'ನಮ್ಮ' ರಾಜನನ್ನ. ಅಂಥವನು ಆ ನಾಣ್ಯದಲ್ಲಿ ಸಿಗಲ್ಲ. ಶಾಸನ ಗೆದ್ದವರ ಮಾತು, ನಾಣ್ಯ ಗೆದ್ದವರ ವ್ಯವಹಾರ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಲೆಕ್ಕ ಸರಿಯಾಗುತ್ತೆ.

ಪಾಂಡವಲೇಣಿಗೆ ಹೋದರೆ 3 ಮತ್ತು 10ರ ಜೊತೆ 17ನೇ ಗುಹೆಯನ್ನೂ ನೋಡಿ. ಅದನ್ನ ಕೊರೆಸಿದವನು ಧರ್ಮದೇವನ ಮಗ ಇಂದ್ರಾಗ್ನಿದತ್ತ, ಉತ್ತರದ ದತ್ತಾಮಿತ್ರಿ ಊರಿನ ಯವನ. ಹೆಸರು ಇಲ್ಲಿಯದು, ಬರೆಸಿದ ಭಾಷೆ ಇಲ್ಲಿಯ ಪ್ರಾಕೃತ, ಊರಿನ ಹೆಸರು ಮಾತ್ರ ಬಿಟ್ಟಿಲ್ಲ. ಊರು ಬಿಟ್ಟು ಬಂದಿರೋ ನಮಗೆ ಅವನು ಅಷ್ಟೇನೂ ಅಪರಿಚಿತ ಅನ್ನಿಸಲ್ಲ.