ಅಂಗಿಯ ವಿಳಾಸ

ನಮ್ಮ ಕಾಲೇಜಿನ ಹುಡುಗರು ವಾರ್ಷಿಕೋತ್ಸವಕ್ಕೆಂದು ಕಾಲೇಜಿನ ಹೆಸರು ಅಚ್ಚಾದ ಅಂಗಿಗಳನ್ನು ತರಿಸಿದ್ದರು. ನನಗೂ ಒಂದು ಬಂದಿತು. ಕನ್ನಡದ ಮೇಷ್ಟರಿಗೆ ಇದು ಒಪ್ಪೀತೆ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಮಡಿಸಿಡುವಾಗ ಕೊರಳ ಪಟ್ಟಿ ಕಣ್ಣಿಗೆ ಬಿತ್ತು. ಅದರಲ್ಲಿ ಅಳತೆಯಿತ್ತು, ಒಗೆಯುವ ಕ್ರಮವಿತ್ತು. ಹೊಲಿದ ಊರಿನ ಹೆಸರು ಮಾತ್ರ ಇರಲಿಲ್ಲ. ಈ ಸಣ್ಣ ವಿಷಯವನ್ನೇ ಹಿಡಿದು ಹಟಮಾಡಿದ ವಿದ್ಯಾರ್ಥಿಗಳೂ ಇದ್ದರು. ಅವರ ಚರಿತ್ರೆ ತಿಳಿಯತಕ್ಕದ್ದು.

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೆಸರೂ ಒಂದು ಆಸ್ತಿ. ಅದನ್ನು ಅಂಗಿ ಟೋಪಿಗಳ ಮೇಲೆ ಅಚ್ಚುಹಾಕಲು ಉಡುಪಿನ ಕಂಪನಿಗಳಿಗೆ ಪರವಾನಗಿ ಕೊಟ್ಟು, ಮಾರಾಟದಲ್ಲಿ ಪಾಲು ಪಡೆಯುವುದುಂಟು. ಕಂಪನಿಗಳಾದರೋ ಹೊಲಿಗೆಯನ್ನು ಕೂಲಿ ಅಗ್ಗವಾದ ಪರದೇಶಗಳ ಕಾರ್ಖಾನೆಗಳಿಗೆ ಗುತ್ತಿಗೆ ಕೊಡುತ್ತವೆ. ಅಲ್ಲಿ ಹುಡುಗಿಯರು ಎಷ್ಟು ತಾಸು ದುಡಿಯುತ್ತಾರೆ, ಏನು ಪಡೆಯುತ್ತಾರೆ ಎಂಬುದು ಯಾರಿಗೂ ತಿಳಿಯದು. ಉಡುಪು ಕಾರ್ಮಿಕರ ಸಂಘವಾದ 'ಯುನೈಟ್'ನಲ್ಲಿ ರಜೆಯ ದಿನಗಳನ್ನು ಕಳೆದ ಕೆಲವು ತರುಣರು ಈ ಪ್ರಶ್ನೆಯನ್ನು ಕಾಲೇಜುಗಳಿಗೆ ಹೊತ್ತು ತಂದರು. ೧೯೯೮ರಲ್ಲಿ ಅವರದೇ ಒಂದು ರಾಷ್ಟ್ರೀಯ ಸಂಘಟನೆಯೂ ಹುಟ್ಟಿತು.

೧೯೯೯ರಲ್ಲಿ ಡ್ಯೂಕ್, ಜಾರ್ಜ್‌ಟೌನ್, ವಿಸ್ಕಾನ್ಸಿನ್, ಮಿಷಿಗನ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಆಡಳಿತ ಕಚೇರಿಗಳಲ್ಲೇ ಧರಣಿ ಕುಳಿತರು. ಅವರ ಮುಖ್ಯ ಬೇಡಿಕೆ ಏನೆಂದುಕೊಂಡಿರಿ? ಕಾರ್ಖಾನೆಗಳ ವಿಳಾಸ! ಅದು ವ್ಯಾಪಾರದ ಗುಟ್ಟೆಂದು ಕಂಪನಿಗಳು ವಾದಿಸಿದವು. ಅದೇ ವರ್ಷ ಅಕ್ಟೋಬರಿನಲ್ಲಿ ನೈಕಿ ಕಂಪನಿ ಕೆಲವು ವಿಶ್ವವಿದ್ಯಾಲಯಗಳ ಉಡುಪು ಹೊಲಿಯುವ ಕಾರ್ಖಾನೆಗಳ ಪಟ್ಟಿ ಹೊರಡಿಸಿತು. ಗುಟ್ಟು ರಟ್ಟಾಯಿತು; ವ್ಯಾಪಾರವೇನೂ ಮುಳುಗಲಿಲ್ಲ. ೨೦೦೦ದಲ್ಲಿ 'ವರ್ಕರ್ ರೈಟ್ಸ್ ಕನ್ಸಾರ್ಷಿಯಂ' ಎಂಬ ತನಿಖಾ ಸಂಸ್ಥೆ ಏರ್ಪಟ್ಟಿತು. ಅದರ ಆಡಳಿತದಲ್ಲಿ ಕಂಪನಿಗಳಿಗೆ ಸ್ಥಾನವಿರಲಿಲ್ಲ. ಆರೆಗನ್ ವಿಶ್ವವಿದ್ಯಾಲಯ ಅದನ್ನು ಸೇರಿದಾಗ, ಅಲ್ಲಿಯೇ ಓದಿದ್ದ ನೈಕಿಯ ಮುಖ್ಯಸ್ಥ ಫಿಲ್ ನೈಟ್ ಮೂರು ಕೋಟಿ ಡಾಲರಿನ ದಾನವನ್ನು ಹಿಂತೆಗೆದರು. ವಿಳಾಸ ಕೇಳುವುದು ಹುಡುಗಾಟವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ವಿಳಾಸದ ಪ್ರಯೋಜನ ೨೦೦೧ರ ಜನವರಿಯಲ್ಲಿ ಕಂಡಿತು. ಮೆಕ್ಸಿಕೋದ ಅಟ್ಲಿಸ್ಕೊ ಊರಿನ ಕುಕ್‌ಡಾಂಗ್ ಕಾರ್ಖಾನೆಯಲ್ಲಿ ನೈಕಿ, ರೀಬಾಕ್ ಹೆಸರಿನ ಕಾಲೇಜು ಅಂಗಿಗಳು ತಯಾರಾಗುತ್ತಿದ್ದವು. ಹಳಸಿದ ಊಟವನ್ನು ಪ್ರತಿಭಟಿಸಿದವರನ್ನು ಕೆಲಸದಿಂದ ತೆಗೆದಾಗ, ಬಹುಪಾಲು ಹೆಂಗಸರೇ ಆಗಿದ್ದ ಕಾರ್ಮಿಕರು ಕೆಲಸ ನಿಲ್ಲಿಸಿದರು. ಪೊಲೀಸರು ಅವರನ್ನು ಹೊಡೆದು ಚದುರಿಸಿದರು. ಆ ಅಂಗಿಯನ್ನು ತೊಡುವವರಿಗೆ ಈಗ ಊರು ಗೊತ್ತಿತ್ತು. ತನಿಖೆಯಾಯಿತು, ಒತ್ತಾಯ ಬೆಳೆಯಿತು. ತೆಗೆದವರನ್ನು ಮರಳಿ ಸೇರಿಸಿಕೊಂಡರು. ಸೆಪ್ಟೆಂಬರಿನಲ್ಲಿ ಕಾರ್ಮಿಕರ ಸ್ವತಂತ್ರ ಸಂಘಕ್ಕೆ ಮನ್ನಣೆ ದೊರೆಯಿತು. ಏಟು ತಿಂದವರು ಅಟ್ಲಿಸ್ಕೊದವರು. ವಿದ್ಯಾರ್ಥಿಗಳು ಹಗ್ಗದ ಇನ್ನೊಂದು ತುದಿಯನ್ನು ಬಿಡದೆ ಹಿಡಿದರು, ಅಷ್ಟೆ. ಆದರೆ ಆ 'ಅಷ್ಟೆ' ಸಣ್ಣದಲ್ಲ.

ಎಲ್ಲವೂ ಗೆಲುವೇ ಎನ್ನುವಂತಿಲ್ಲ. ಡೊಮಿನಿಕನ್ ಗಣರಾಜ್ಯದ ಬಿಜೆ ಅಂಡ್ ಬಿ ಟೋಪಿ ಕಾರ್ಖಾನೆಯಲ್ಲಿ ೨೦೦೩ರಲ್ಲಿ ಸಂಘವು ಒಪ್ಪಂದ ಗಳಿಸಿತು. ೨೦೦೭ರಲ್ಲಿ ಕಾರ್ಖಾನೆಯೇ ಮುಚ್ಚಿತು. ಹಕ್ಕು ಬಂದ ಊರಿನಿಂದ ಕೆಲಸ ಬೇರೆ ಊರಿಗೆ ಹೋಗುವುದು ಈ ವ್ಯಾಪಾರದ ರೀತಿ. ೨೦೦೯ರಲ್ಲಿ ರಸೆಲ್ ಕಂಪನಿ ಹಾಂಡುರಾಸಿನಲ್ಲಿ ಸಂಘವಿದ್ದ ಕಾರ್ಖಾನೆಯನ್ನು ಮುಚ್ಚಿದಾಗ ವಿದ್ಯಾರ್ಥಿಗಳು ಪಾಠ ಕಲಿತಿದ್ದರು. ಹತ್ತಾರು ವಿಶ್ವವಿದ್ಯಾಲಯಗಳು ಕರಾರು ಕಡಿದುಕೊಂಡವು. ವರ್ಷ ಮುಗಿಯುವ ಮೊದಲೇ ಸುಮಾರು ೧,೨೦೦ ಜನರಿಗೆ ಮತ್ತೆ ಕೆಲಸ ಕೊಡಲು ಕಂಪನಿ ಒಪ್ಪಿತು.

ಹಗ್ಗದ ತುದಿ ನಮ್ಮ ಬೆಂಗಳೂರಿಗೂ ಬಂದಿತು. ೨೦೨೦ರ ಏಪ್ರಿಲಿನಿಂದ ಸಲ್ಲಬೇಕಿದ್ದ ತಿಂಗಳಿಗೆ ೪೧೭ ರೂಪಾಯಿ ತುಟ್ಟಿಭತ್ಯವನ್ನು, ಹೈಕೋರ್ಟು ಕೊಡಿರೆಂದ ಮೇಲೂ ಬಹಳಷ್ಟು ಗಾರ್ಮೆಂಟ್ಸ್ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಮಾತು ಅದು. ಇಲ್ಲಿನ ಸಂಘಗಳ ಹೋರಾಟದೊಡನೆ, ಆ ವಿದ್ಯಾರ್ಥಿಗಳ ಹಟದಿಂದ ಹುಟ್ಟಿದ ಸಂಸ್ಥೆಯೇ ವಿದೇಶಿ ಬ್ರಾಂಡುಗಳ ಬೆನ್ನು ಹತ್ತಿತು. ೨೦೨೨ರ ಆರಂಭದಲ್ಲಿ ದೊಡ್ಡ ಕಾರ್ಖಾನೆದಾರರು ಬಾಕಿ ತೀರಿಸಲು ತೊಡಗಿದರು.

ಮರುದಿನ ಅಂಗಿ ತರಿಸಿದ ಹುಡುಗನನ್ನು ಕರೆದು, ಇದು ಎಲ್ಲಿ ಹೊಲಿದದ್ದಪ್ಪಾ ಎಂದೆ. ಅವನು ತಲೆ ಕೆರೆದುಕೊಂಡು, "ಅಂಗಡಿಯವರನ್ನು ಕೇಳಿ ಹೇಳುತ್ತೇನೆ, ಸಾರ್" ಎಂದ. ಅಂಗಡಿಯವರಿಗೂ ತಿಳಿಯದಂತೆ. ಅವರು ತಮಗೆ ಮಾರಿದವರನ್ನು ಕೇಳುತ್ತೇವೆಂದಿದ್ದಾರೆ. ನಾನು ಕಾಯುತ್ತಿದ್ದೇನೆ.