ರೇಷ್ಮೆಯ ಹುಳುವಿನ ಕೃತಕಾಹಾರ: ಒಂದು ಚಾರಿತ್ರಿಕ ಪರಿಶೀಲನ

ರೇಷ್ಮೆಯ ಹುಳುವು ಹಿಪ್ಪುನೇರಳೆಯ ಎಲೆಯನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲವೆಂಬುದು ಲೋಕಪ್ರಸಿದ್ಧವಾದ ಮಾತು. ಈ ಒಂದು ನಿಯಮದ ಮೇಲೆ ಚೀನ, ಜಪಾನು, ಇಟಲಿ, ಫ್ರಾನ್ಸು, ಬಂಗಾಳ, ಮೈಸೂರು ಮೊದಲಾದ ನಾಡುಗಳ ರೇಷ್ಮೆಯ ಕಸುಬೆಲ್ಲವೂ ನಿಂತುಬಂದಿದೆ. ತೋಟವಿದ್ದವನಿಗೆ ಹುಳು, ಹುಳುವಿದ್ದವನಿಗೆ ಗೂಡು. ವಸಂತಕಾಲದಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋದರೆ ಆ ವರ್ಷದ ಬೆಳೆಯೂ ಅದರೊಡನೆಯೇ ಹೋಗುತ್ತಿತ್ತು. ಆದುದರಿಂದ ಎಲೆಗೆ ಬದಲಾಗಿ ಬೇರೊಂದು ಆಹಾರವನ್ನು ಹುಳುವಿಗೆ ಒಗ್ಗಿಸಬಹುದೇ ಎಂಬ ಪ್ರಶ್ನೆ ಬಹು ಹಿಂದಿನಿಂದಲೂ ಜನರನ್ನು ಕಾಡುತ್ತ ಬಂದಿದೆ. ಆ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ವಿದ್ವಾಂಸರು ಕೊಟ್ಟ ಉತ್ತರವೂ, ಆ ಉತ್ತರವು ಎಷ್ಟರಮಟ್ಟಿಗೆ ಸಫಲವಾಯಿತೆಂಬುದೂ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಹಳೆಯ ಪ್ರಯತ್ನಗಳನ್ನು ನೋಡತಕ್ಕದ್ದು. ಕ್ರಿ. ಶ. ಆರನೆಯ ಶತಮಾನದಲ್ಲಿ ಜಿಯಾ ಸಿಶಿಯೆ ಎಂಬಾತನು ಬರೆದ 'ಚೀಮಿನ್ ಯಾವೊಶು' ಎಂಬ ಚೀನೀ ಕೃಷಿಗ್ರಂಥದಲ್ಲಿ, ಹಿಪ್ಪುನೇರಳೆಯ ಬಳಗಕ್ಕೇ ಸೇರಿದ 'ಝೆ' ಎಂಬ ಮುಳ್ಳುಮರದ ಎಲೆಯನ್ನು ಹುಳುಗಳಿಗೆ ಹಾಕುವ ಪದ್ಧತಿ ಉಕ್ತವಾಗಿದೆ. ಆ ಹುಳುಗಳ ರೇಷ್ಮೆಯು ತಂತೀವಾದ್ಯಗಳಿಗೆ ಉತ್ತಮವೆಂದು ಹೆಸರಾಗಿತ್ತು. ೧೨೭೩ರಲ್ಲಿ ಯುವಾನ್ ಅರಸರ ಆಜ್ಞೆಯಂತೆ ಸಂಕಲಿತವಾದ 'ನೊಂಗ್‌ಸಾಂಗ್ ಜಿಯಾವೊ' ಎಂಬ ಗ್ರಂಥವು, ಶೇಖರಿಸಿಟ್ಟ ಒಣ ಎಲೆಯ ಪುಡಿಯನ್ನೂ ಹೆಸರುಕಾಳು ಮತ್ತು ಅಕ್ಕಿಯ ಹಿಟ್ಟುಗಳನ್ನೂ ಎಲೆಯೊಡನೆ ಬೆರಸಿ ಬಲಿತ ಹುಳುಗಳಿಗೆ ಕೊಡುವ ವಿಧಾನವನ್ನು ತಿಳಿಸುತ್ತದೆ. ಎಲೆಯ ಪುಡಿ, ಕಾಳಿನ ಹಿಟ್ಟು, ಧಾನ್ಯದ ಹಿಟ್ಟು ಎಂಬ ಈ ಮೂರೂ ಸುಮಾರು ಏಳುನೂರು ವರ್ಷಗಳ ತರುವಾಯ ಪ್ರಯೋಗಶಾಲೆಯ ಆಹಾರದಲ್ಲಿ ಬೇರೆ ರೂಪದಿಂದ ಮರಳಿ ಕಾಣಿಸಿಕೊಂಡವೆಂಬುದು ಗಮನಾರ್ಹ. ಆದರೆ ಅಂದು ಹಿಟ್ಟು ಎಲೆಗೆ ಸಹಾಯಕವಾಗಿತ್ತೇ ಹೊರತು ಎಲೆಯ ಸ್ಥಾನವನ್ನು ಆಕ್ರಮಿಸಿರಲಿಲ್ಲ.

ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾರ್ಜೊನೆರ ಎಂಬ ಸಣ್ಣ ಗಿಡದ ಎಲೆಯನ್ನು ಬದಲಾಗಿ ಬಳಸಿ ನೋಡಲಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಚಾರ್ಲ್ಸ್ ರೈಲಿ ಎಂಬ ಕೀಟಶಾಸ್ತ್ರಜ್ಞನು ಬೇಲಿಯ ಗಿಡವಾಗಿ ಬೆಳೆಯುತ್ತಿದ್ದ ಓಸೇಜ್ ಕಿತ್ತಳೆಯ ಎಲೆಯ ಮೇಲೆ ಹುಳುಗಳನ್ನು ಹಲವು ವರ್ಷ ಸಾಕಿ, ಅದು ಯೋಗ್ಯವಾದ ಆಹಾರವೆಂದು ಪ್ರತಿಪಾದಿಸಿದನು. ಈ ಎಲ್ಲ ಪ್ರಯತ್ನಗಳಿಗೂ ಒಂದು ಸಮಾನಲಕ್ಷಣವುಂಟು. ಒಂದು ಎಲೆಗೆ ಬದಲಾಗಿ ಇನ್ನೊಂದು ಎಲೆಯನ್ನು ಹುಡುಕಿದರು. ಎಲೆಯಲ್ಲಿರುವುದು ಏನು, ಹುಳುವು ಅದನ್ನು ಆರಿಸಿಕೊಳ್ಳುವುದು ಏತಕ್ಕೆ ಎಂದು ಕೇಳಲಿಲ್ಲ. ಪ್ರಶ್ನೆಯ ಸ್ವರೂಪವು ಬದಲಾಗುವವರೆಗೆ ಉತ್ತರವೂ ಬದಲಾಗುವಂತಿರಲಿಲ್ಲ.

ಈ ಕೆಲಸದ ಕಷ್ಟವನ್ನು ಅರಿಯಲು ಹುಳುವಿನ ಜೀವನಕ್ರಮವನ್ನು ಸ್ವಲ್ಪ ತಿಳಿಯಬೇಕು. ಮೊಟ್ಟೆಯೊಡೆದು ಬಂದ ಹುಳು ಸುಮಾರು ೨೫ ದಿನಗಳಲ್ಲಿ ತನ್ನ ತೂಕವನ್ನು ಹೆಚ್ಚುಕಡಮೆ ೧೦,೦೦೦ ಪಾಲು ಹೆಚ್ಚಿಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಮೇವು ಬಿಟ್ಟು ನಿಶ್ಚಲವಾಗಿದ್ದು ಪೊರೆ ಕಳಚುತ್ತದೆ. ಕನ್ನಡನಾಡಿನ ಸಾಕಣೆಗಾರರು ಈ ವಿರಾಮವನ್ನು 'ಜ್ವರ'ವೆಂದು ಕರೆಯುತ್ತಾರೆ. ಮೊದಲ ಜ್ವರಗಳ ಎಳೆಯ ಹುಳುಗಳಿಗೆ 'ಚಾಕಿ' ಎಂದು ಹೆಸರು. ಒಟ್ಟು ತಿನ್ನುವ ಎಲೆಯಲ್ಲಿ ನೂರಕ್ಕೆ ೮೦ಕ್ಕೂ ಮೇಲ್ಪಟ್ಟ ಭಾಗವನ್ನು ಹುಳುವು ನಾಲ್ಕನೆಯ ಜ್ವರದ ಬಳಿಕ ತಿನ್ನುತ್ತದೆ. ಚಾಕಿಯ ಹುಳು ತಿನ್ನುವುದು ಅತ್ಯಲ್ಪ. ಆದರೆ ಸಾಕಣೆಯ ಸೋಲುಗೆಲವುಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಎಳೆತನದಲ್ಲಿಯೇ. ಗಂಟುರೋಗ, ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಎಂಬ ವ್ಯಾಧಿಗಳು ಎಳೆಯ ಹುಳುವಿಗೆ ತಗುಲಿದರೆ ಮುಂದೆ ಎಷ್ಟು ಎಲೆ ಹಾಕಿದರೂ ಅದು ವ್ಯರ್ಥ. ಮಿತವಾದ ಮೇವು, ಅಮಿತವಾದ ಎಚ್ಚರ ಎಂಬ ಈ ವೈಷಮ್ಯವೇ ಕೃತಕಾಹಾರದ ಚರಿತ್ರೆಯ ಮುಂದಿನ ಗತಿಯನ್ನು ನಿಶ್ಚಯಿಸಿತು.

ಜಪಾನಿನಲ್ಲಿ ೧೯೩೦ರ ಸುಮಾರಿಗೆ ವರ್ಷಕ್ಕೆ ಹೆಚ್ಚುಕಡಮೆ ೪ ಲಕ್ಷ ಟನ್ನು ಗೂಡು ಉತ್ಪನ್ನವಾಗುತ್ತಿತ್ತು. ನೈಲಾನ್ ನೂಲಿನ ಆಗಮನ, ಮಹಾಯುದ್ಧ, ಯುದ್ಧಾನಂತರದ ಕೂಲಿಯ ಏರಿಕೆ ಇವುಗಳಿಂದ ಆ ಕಸುಬು ಕುಗ್ಗಿತು. ಚಳಿಗಾಲದಲ್ಲಿ ಎಲೆಯಿಲ್ಲದ ಆ ದೇಶದಲ್ಲಿ, ಕಡಮೆ ಆಳುಗಳಿಂದ, ಋತುಗಳಿಗೆ ಅಧೀನರಾಗದೆ ಹುಳು ಸಾಕುವುದು ಹೇಗೆಂಬುದು ಕೇವಲ ಶಾಸ್ತ್ರಕುತೂಹಲವಾಗಿ ಉಳಿಯದೆ ಬದುಕಿನ ಪ್ರಶ್ನೆಯಾಯಿತು.

ಈ ಸಂದರ್ಭದಲ್ಲಿ ಹಮಮುರ ಯಸುಜಿ ಮತ್ತು ಅವರ ಸಂಗಡಿಗರು ನಡೆಸಿದ ಶೋಧನೆಯು ಮಾರ್ಗದರ್ಶಕವಾಯಿತು. ಹುಳುವು ಎಲೆಯನ್ನು ತಿನ್ನುವುದು ಒಂದೇ ಕ್ರಿಯೆಯಲ್ಲ, ಮೂರು ಕ್ರಿಯೆಗಳ ಸರಣಿ ಎಂದು ಅವರು ತೋರಿಸಿದರು. ಮೊದಲನೆಯದು ವಾಸನೆಯಿಂದ ಆಕರ್ಷಿತವಾಗಿ ಬಳಿಗೆ ಬರುವುದು, ಎರಡನೆಯದು ಕಚ್ಚುವುದು, ಮೂರನೆಯದು ಬಿಡದೆ ನುಂಗುತ್ತ ಹೋಗುವುದು. ಪ್ರತಿಯೊಂದಕ್ಕೂ ಬೇರೆ ಬೇರೆ ದ್ರವ್ಯಗಳು ಕಾರಣ. ಸಿಟ್ರಾಲ್, ಲಿನಲೂಲ್, ಲಿನಲಿಲ್ ಅಸಿಟೇಟ್, ಟರ್ಪಿನೈಲ್ ಅಸಿಟೇಟ್ ಎಂಬ ಸುಗಂಧದ್ರವ್ಯಗಳು ಹುಳುವನ್ನು ಕರೆಯುತ್ತವೆ. ಇವುಗಳಲ್ಲಿ ಸಿಟ್ರಾಲ್ ಮಜ್ಜಿಗೆಹುಲ್ಲಿನ ಪರಿಮಳಕ್ಕೆ ಕಾರಣವಾದದ್ದು. ಬೀಟಾ-ಸಿಟೊಸ್ಟೆರಾಲ್, ಐಸೊಕ್ವರ್ಸಿಟ್ರಿನ್ ಮೊದಲಾದವು ಕಚ್ಚುವಂತೆ ಪ್ರೇರಿಸುತ್ತವೆ. ಸೆಲ್ಯುಲೋಸ್ ಎಂಬ ನಾರು ನುಂಗುವಂತೆ ಮಾಡುತ್ತದೆ. ಸಕ್ಕರೆ, ಇನೊಸಿಟಾಲ್, ಫಾಸ್ಫೇಟು, ಸಿಲಿಕ ಇವು ಅದಕ್ಕೆ ಸಹಾಯಕಗಳು. ಈ ಫಲಿತಾಂಶಗಳು ೧೯೬೨ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದುವು. ಇವುಗಳಲ್ಲಿ ಎಲ್ಲವೂ ಇಂದಿಗೂ ಅದೇ ತೂಕದಿಂದ ಉಳಿದಿವೆಯೆನ್ನಲಾಗದು. ೨೦೦೯ರಲ್ಲಿ ಜಪಾನಿನ ಶೋಧಕರು, ಮಲ್ಲಿಗೆಯ ಪರಿಮಳದಲ್ಲಿಯೂ ಇರುವ ಸಿಸ್-ಜಾಸ್ಮೋನ್ ಎಂಬ ದ್ರವ್ಯವು ಅತ್ಯಲ್ಪ ಪ್ರಮಾಣದಲ್ಲಿಯೇ ಹುಳುವನ್ನು ಬಲವಾಗಿ ಸೆಳೆಯುತ್ತದೆಂದು ಕಂಡುಹಿಡಿದರು. ಆದರೆ ಕರೆಯುವುದು, ಕಚ್ಚುವುದು, ನುಂಗುವುದು ಎಂಬ ವಿಭಾಗಕ್ರಮವು ಮುಂದಿನ ವಿಚಾರಕ್ಕೆಲ್ಲ ಸೋಪಾನವಾಯಿತೆಂಬುದರಲ್ಲಿ ಸಂದೇಹವಿಲ್ಲ.

೧೯೬೦ರಲ್ಲಿ ಫುಕುದ ಮತ್ತು ಸಂಗಡಿಗರು ಒಂದು ಕಡೆ, ಇತೊ ತೊಶಿಯೊ ಮತ್ತು ತನಕ ಇನ್ನೊಂದು ಕಡೆ, ಕೃತಕಾಹಾರದ ಮೇಲೆ ಹುಳುವನ್ನು ಸಾಕಿದ ವೃತ್ತಾಂತವನ್ನು ಪ್ರಕಟಿಸಿದರು. ಅಲ್ಲಿಂದ ಬೆಳೆದುಬಂದ ಆಹಾರದ ಪಾಕ ಸ್ಥೂಲವಾಗಿ ಹೀಗಿದೆ: ಒಣಗಿಸಿದ ಎಲೆಯ ಪುಡಿ, ಎಣ್ಣೆ ತೆಗೆದ ಸೋಯಾ ಅವರೆಯ ಹಿಟ್ಟು, ಗಂಜಿಯ ಹಿಟ್ಟು, ಸಕ್ಕರೆ, ಸೆಲ್ಯುಲೋಸ್ ಪುಡಿ, ಲವಣಗಳು, ಜೀವಸತ್ತ್ವಗಳು, ಬೂಷ್ಟು ಹಿಡಿಯದಂತೆ ತಡೆಯುವ ಆಮ್ಲಗಳು, ಇವನ್ನೆಲ್ಲ ನೀರಿನಲ್ಲಿ ಕಲಸಿ, ಸಮುದ್ರಸಸ್ಯದಿಂದ ತೆಗೆದ ಅಗರ್ ಎಂಬ ಅಂಟುದ್ರವ್ಯವನ್ನು ಸೇರಿಸಿ, ಹಬೆಯಲ್ಲಿ ಬೇಯಿಸಿ ಆರಿಸಿದರೆ ಹಲ್ವದಂತೆ ಗಟ್ಟಿಯಾಗುತ್ತದೆ. ಅದನ್ನು ತೆಳುವಾಗಿ ಕತ್ತರಿಸಿ ಹುಳುಗಳ ಮುಂದಿಡುವರು. ಮೊದಮೊದಲು ಈ ಆಹಾರವನ್ನು ತಿಂದ ಹುಳುಗಳು ನಿಧಾನವಾಗಿ ಬೆಳೆದುವು, ಅವುಗಳ ಗೂಡು ಎಲೆ ತಿಂದವುಗಳ ಗೂಡಿಗಿಂತ ಹಗುರವಾಗಿದ್ದಿತು. ಆದರೂ ಹಸಿಯ ಎಲೆಯ ಮುಖವನ್ನೇ ಕಾಣದ ಹುಳುವು ಗೂಡು ಕಟ್ಟಬಲ್ಲುದೆಂಬುದು ಸಿದ್ಧವಾಯಿತು.

ಇದರಿಂದ ಶಾಸ್ತ್ರಕ್ಕೆ ಆದ ಲಾಭ ಕಸುಬಿಗೆ ಆದ ಲಾಭಕ್ಕಿಂತ ಮೊದಲು ಬಂದಿತು. ಎಲೆಯೊಳಗಿನ ಯಾವ ಅಂಶ ಹುಳುವಿಗೆ ಅವಶ್ಯಕವೆಂದು ತಿಳಿಯಬೇಕಾದರೆ ಆ ಒಂದು ಅಂಶವನ್ನು ಮಾತ್ರ ಕಳೆದು ನೋಡಬೇಕು. ಎಲೆಯಲ್ಲಿ ಇದು ಸಾಧ್ಯವಿಲ್ಲ, ಪಾಕದಲ್ಲಿ ಸಾಧ್ಯ. ಇತೊ ಮತ್ತು ಅರೈ ಎಂಬವರು ೧೯೬೦ರ ದಶಕದಲ್ಲಿ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಬಿಟ್ಟು ಪರೀಕ್ಷಿಸಿ, ಅವುಗಳಲ್ಲಿ ಹತ್ತು ಹುಳುವಿನ ಬೆಳವಣಿಗೆಗೆ ಅನಿವಾರ್ಯವೆಂದು ನಿರ್ಣಯಿಸಿದರು. ಸಿ ಜೀವಸತ್ತ್ವವೂ ಬಿ ವರ್ಗದ ಜೀವಸತ್ತ್ವಗಳೂ ಸ್ಟೆರಾಲುಗಳೂ ಬೇಕೆಂಬುದು ಇದೇ ಮಾರ್ಗದಿಂದ ಸ್ಥಾಪಿತವಾಯಿತು. ರೇಷ್ಮೆಯ ನೂಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು ೭೦ ಭಾಗವು ನೇರವಾಗಿ ಎಲೆಯ ಪ್ರೋಟೀನಿನಿಂದಲೇ ಬರುತ್ತದೆಂದು ಫುಕುದ ೧೯೬೦ರಲ್ಲಿ ಹೇಳಿದ್ದನ್ನು ಇದರೊಡನೆ ಕೂಡಿಸಿ ನೋಡಿದರೆ, ನೂಲೆಂಬುದು ರೂಪಾಂತರ ಹೊಂದಿದ ಎಲೆಯೇ ಎಂಬ ಅಭಿಪ್ರಾಯಕ್ಕೆ ಆಧಾರ ದೊರೆಯುತ್ತದೆ.

ಆದರೆ ಒಂದು ತೊಡಕು ಉಳಿಯಿತು. ಆಹಾರವು ಪುಷ್ಟಿಕರವಾಗಿದ್ದರೂ ಎಲ್ಲ ಹುಳುಗಳೂ ಅದನ್ನು ಒಪ್ಪಲಿಲ್ಲ. ಎಲೆಯ ಪುಡಿ ಕಡಮೆಯಾದಷ್ಟೂ ತಿರಸ್ಕಾರ ಹೆಚ್ಚಿತು. ಒಮ್ಮೆ ಎಲೆಯ ರುಚಿ ಕಂಡ ಹುಳು ಪಾಕಕ್ಕೆ ಸುಲಭವಾಗಿ ಬಾಯಿಡದು. ಪಾಕದಿಂದ ಎಲೆಗೆ ಹೋಗುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಹೀಗೆ 'ಹುಳುವು ಏನನ್ನು ತಿನ್ನುತ್ತದೆ' ಎಂಬ ಪ್ರಶ್ನೆಯ ಸ್ಥಾನದಲ್ಲಿ 'ಏನನ್ನು, ಏತಕ್ಕೆ ನಿರಾಕರಿಸುತ್ತದೆ' ಎಂಬ ಪ್ರಶ್ನೆ ಬಂದು ನಿಂತಿತು. ಇಶಿಕಾವ, ಹಿರಾವೊ ಮೊದಲಾದವರು ಹುಳುವಿನ ಬಾಯಿಯ ಬಳಿಯ ಸೂಕ್ಷ್ಮವಾದ ರುಚಿಯಂಗಗಳ ನರಸ್ಪಂದನವನ್ನು ಅಳೆದು, ಸಿಹಿಯನ್ನು ಅರಿಯುವ ಕೋಶಗಳಂತೆಯೇ ಕಹಿಯನ್ನು ಅರಿತು ಊಟವನ್ನು ತಡೆಯುವ ಕೋಶವೂ ಅಲ್ಲಿ ಇದೆಯೆಂದು ತೋರಿಸಿದರು. ಆ ಅಂಗಗಳನ್ನು ತೆಗೆದುಹಾಕಿದ ಹುಳುಗಳು ಬೇರೆ ಗಿಡಗಳ ಎಲೆಯನ್ನೂ ತಿಂದುವು. ತಜಿಮ ಯತಾರೊ ಎಂಬವರು ಕ್ಷ-ಕಿರಣಗಳಿಂದ ಪಡೆದ ಒಂದು ವಿಕೃತ ತಳಿಯ ಹುಳುಗಳಲ್ಲಿಯೂ ಇಂಥ ವಿವೇಚನೆಯಿಲ್ಲದ ಸ್ವಭಾವವು ಕಂಡುಬಂದಿತ್ತು. ಹಿಪ್ಪುನೇರಳೆಯೊಂದನ್ನೇ ತಿನ್ನುವ ವ್ರತವು ಆ ಎಲೆಯ ಮೇಲಿನ ಪ್ರೀತಿಯಷ್ಟೇ ಅಲ್ಲ, ಮಿಕ್ಕವುಗಳ ಮೇಲಿನ ಅರುಚಿಯೂ ಹೌದೆಂಬುದು ಇದರಿಂದ ಸ್ಪಷ್ಟವಾಯಿತು. ೨೦೧೯ರಲ್ಲಿ ಚೀನದ ವಿದ್ವಾಂಸರು ಜಿಆರ್-೬೬ ಎಂಬ ಒಂದೇ ಒಂದು ರುಚಿಗ್ರಾಹಕದ ವಂಶವಾಹಿಯನ್ನು ಕೆಡಿಸಿದಾಗ, ಹುಳುಗಳು ಹಣ್ಣುಗಳನ್ನೂ ಕಾಳುಗಳನ್ನೂ ತಿನ್ನತೊಡಗಿ ಈ ಊಹೆಗೆ ಕಣ್ಣೆದುರಿನ ಸಾಕ್ಷ್ಯವನ್ನು ಒದಗಿಸಿದುವು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಹಿಪ್ಪುನೇರಳೆಯ ಹಾಲಿನಲ್ಲಿ ಸಕ್ಕರೆಯನ್ನು ಹೋಲುವ ಕ್ಷಾರದ್ರವ್ಯಗಳಿದ್ದು ಅವು ಬೇರೆ ಹುಳುಗಳಿಗೆ ವಿಷಪ್ರಾಯವಾಗುತ್ತವೆಂದು ೨೦೦೬ರಲ್ಲಿ ಕೊನ್ನೊ ಮೊದಲಾದವರು ಪ್ರಕಟಿಸಿದರು. ರೇಷ್ಮೆಯ ಹುಳು ಮಾತ್ರ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಎಂದರೆ, ಇತರರಿಗೆ ಮುಚ್ಚಿದ ಮನೆಯಲ್ಲಿ ಈ ಹುಳು ಒಂಟಿಯಾಗಿ ಉಣ್ಣುತ್ತ ಬಂದಿದೆ.

ಪಾಕವನ್ನು ಹುಳುವಿಗೆ ಹೊಂದಿಸುವುದಕ್ಕಿಂತ ಹುಳುವನ್ನು ಪಾಕಕ್ಕೆ ಹೊಂದಿಸುವುದು ಸುಲಭವೆಂಬ ಅಭಿಪ್ರಾಯವು ಕ್ರಮೇಣ ಬಲವಾಯಿತು. ಜಪಾನಿನಲ್ಲಿ ಯಾವುದನ್ನಾದರೂ ತಿನ್ನುವ ತಳಿಗಳನ್ನು ಆರಿಸಿ ಬೆಳೆಸಿದರು. ಹೋರಿಯೆ ಮೊದಲಾದವರು ೧೯೮೦ರ ದಶಕದಲ್ಲಿ ಗಣಿತದ ರೇಖೀಯ ಯೋಜನಾಕ್ರಮವನ್ನು ಅನ್ವಯಿಸಿ, ಹುಳುವಿಗೆ ಬೇಕಾದ ಪೋಷಕಾಂಶಗಳು ಕೊರತೆಯಾಗದಂತೆ ಅತ್ಯಲ್ಪ ವೆಚ್ಚದ ಪಾಕವನ್ನು ಲೆಕ್ಕಹಾಕಿದರು. ಇದಕ್ಕೆ ಮುಂಚೆಯೇ, ೧೯೭೦ರ ದಶಕದ ಉತ್ತರಾರ್ಧದಲ್ಲಿ, ಜಪಾನಿನ ಸಹಕಾರ ಸಾಕಣೆಯ ಮನೆಗಳಲ್ಲಿ ಚಾಕಿಯ ಹುಳುಗಳಿಗೆ ಪಾಕವನ್ನು ಕೊಟ್ಟು, ಬಳಿಕ ಹುಳುಗಳನ್ನು ರೈತರಿಗೆ ಹಂಚುವ ಪದ್ಧತಿ ರೂಢಿಗೆ ಬಂದಿದ್ದಿತು. ಚಾಕಿಗೆ ಮೇವು ಅಲ್ಪ, ಎಚ್ಚರ ಅಧಿಕ ಎಂದು ಮೇಲೆ ಹೇಳಿದುದರ ಪ್ರಯೋಜನ ಇಲ್ಲಿ ವಿಶದವಾಗುತ್ತದೆ: ಬೆಲೆಯುಳ್ಳ ಪಾಕವು ಸ್ವಲ್ಪವೇ ವೆಚ್ಚವಾಗುತ್ತದೆ, ಬೇಯಿಸಿದ ಪಾಕದೊಡನೆ ರೋಗಾಣುಗಳು ಬರುವುದಿಲ್ಲ. ಬಲಿತ ಹುಳುವಿನ ಹಸಿವನ್ನು ತುಂಬಲು ಮಾತ್ರ ತೋಟವೇ ಅಗ್ಗವಾಗಿ ಉಳಿಯಿತು. ಶಾಸ್ತ್ರವು ಪರಿಪಕ್ವವಾಗುವ ಹೊತ್ತಿಗೆ ಕಸುಬೇ ಕ್ಷೀಣಿಸಿತು; ೨೦೨೦ರ ಸುಮಾರಿಗೆ ಜಪಾನಿನ ಗೂಡಿನ ಉತ್ಪತ್ತಿ ವರ್ಷಕ್ಕೆ ೧೦೦ ಟನ್ನಿಗಿಂತಲೂ ಕೆಳಗಿಳಿದಿದ್ದಿತು.

ಮೈಸೂರು ಸೀಮೆಯ ಸ್ಥಿತಿ ಇದಕ್ಕಿಂತ ಭಿನ್ನ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟೀಪೂ ಸುಲ್ತಾನನು ನೆಲೆಗೊಳಿಸಿದ ಈ ಕಸುಬಿಗೆ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜಮಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ಏರ್ಪಡಿಸಿದ ರೇಷ್ಮೆಯ ತೋಟವು ಹೊಸ ಚೈತನ್ಯವನ್ನು ಕೊಟ್ಟಿತು. ೧೯೬೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನ ಸಂಸ್ಥೆಯು ಈ ಶತಮಾನದ ಆದಿಯಲ್ಲಿ 'ನ್ಯೂಟ್ರಿಡ್' ಎಂಬ ಹೆಸರಿನ ಅರೆಕೃತಕ ಆಹಾರವನ್ನು ಚಾಕಿಯ ಹುಳುಗಳಿಗಾಗಿ ರೂಪಿಸಿತು. ಆದರೆ ಇಲ್ಲಿ ನೀರಿದ್ದ ಕಡೆ ವರ್ಷವೆಲ್ಲ ಎಲೆಯುಂಟು. ವರ್ಷಕ್ಕೆ ಐದಾರು ಬೆಳೆ ತೆಗೆಯುವ ರೈತನಿಗೆ ಋತುವನ್ನು ಗೆಲ್ಲಬೇಕಾದ ಅಗತ್ಯವಿಲ್ಲ. ಜಪಾನಿನಲ್ಲಿ ಪಾಕವನ್ನು ಹುಟ್ಟಿಸಿದ ಕಾರಣವೊಂದು ಇಲ್ಲಿ ಇರಲೇ ಇಲ್ಲ. ಇಲ್ಲಿ ಅದರಿಂದ ಆಗಬಹುದಾದ ಉಪಕಾರವೆಂದರೆ ರೋಗನಿವಾರಣೆ ಮತ್ತು ಆಳಿನ ಉಳಿತಾಯ. ಅವೆರಡನ್ನೂ ಎಳೆಯ ಎಲೆಯಿಂದಲೇ ಹುಳು ಸಾಕಿ ಕೊಡುವ ಚಾಕಿ ಕೇಂದ್ರಗಳು ಬಹುಮಟ್ಟಿಗೆ ಒದಗಿಸುತ್ತಿರುವುದರಿಂದ, ಪಾಕವು ತೋಟಕ್ಕೆ ಪ್ರತಿಸ್ಪರ್ಧಿಯಾಗಿ ನಿಲ್ಲಲಿಲ್ಲ.

ಈ ಚರಿತ್ರೆಯನ್ನು ಎಲೆಯ ಮೇಲೆ ಪಾಕವು ಸಾಧಿಸಿದ ವಿಜಯವೆಂದು ಬಣ್ಣಿಸುವುದು ಉಚಿತವಲ್ಲ; ವಿಫಲವಾದ ಸಾಹಸವೆಂದು ತಳ್ಳಿಹಾಕುವುದೂ ಉಚಿತವಲ್ಲ. ತಿಳಿಯುವುದು, ಕಾಪಾಡುವುದು, ಬದಲಿಸುವುದು ಎಂದು ಅದರ ಉದ್ದೇಶಗಳು ಮೂರು. ಎಲೆಯ ಗುಟ್ಟನ್ನು ತಿಳಿಯುವುದರಲ್ಲಿ ಅದು ಪೂರ್ಣವಾಗಿ ಗೆದ್ದಿತು. ಎಳೆಯ ಹುಳುವನ್ನು ಕಾಪಾಡುವುದರಲ್ಲಿ ಬಹುಪಾಲು ಗೆದ್ದಿತು. ತೋಟವನ್ನು ಬದಲಿಸುವುದರಲ್ಲಿ ಮಾತ್ರ ಅದರ ಪ್ರಯತ್ನ ಇನ್ನೂ ಮುಗಿದಿಲ್ಲ. ೨೦೧೭ರಲ್ಲಿ ಕುಮಾಮೊಟೊ ಪ್ರಾಂತದ ಯಾಮಾಗದಲ್ಲಿ ವರ್ಷವಿಡೀ ಪಾಕದ ಮೇಲೆ ಹುಳು ಸಾಕುವ ಕಾರ್ಖಾನೆಯೊಂದು ತೆರೆಯಿತು. ಚೀನದಲ್ಲಿಯೂ ಇಂಥ ಉದ್ಯಮಗಳು ನಡೆದಿವೆ. ಆದರೆ ಕಸುಬಿನಲ್ಲಿ ಬಳಕೆಗೆ ಬಂದ ಪಾಕಗಳ ಪಟ್ಟಿಯನ್ನು ತೆಗೆದು ನೋಡಿದರೆ, ಸೋಯಾ ಹಿಟ್ಟು, ಅಗರ್, ಸಕ್ಕರೆಗಳ ಜೊತೆಯಲ್ಲಿ ಸಾಮಾನ್ಯವಾಗಿ ಒಣಗಿದ ಹಿಪ್ಪುನೇರಳೆಯ ಎಲೆಯ ಪುಡಿಯೂ ಇದ್ದೇ ಇರುತ್ತದೆ. ಕೃತಕವೆಂಬ ಹೆಸರಿನ ಆ ಆಹಾರವನ್ನು ಬೆಳೆಯುವುದಕ್ಕೂ ಎಲ್ಲಿಯೋ ಒಬ್ಬ ರೈತನು ಒಂದು ತೋಟವನ್ನು ಇಟ್ಟಿರಲೇಬೇಕು.