ಧಾರವಾಡ ಸೀಮೆಯ ವಿದ್ಯಾಭ್ಯುದಯವೂ ಅದರ ಮೂಲಕಾರಣಗಳೂ

ಹುಬ್ಬಳ್ಳಿಯ ಮಗ್ಗುಲಲ್ಲಿರುವ ಗೋಪನಕೊಪ್ಪವು ಇಂದು ಪಟ್ಟಣದೊಳಗೆ ಬೆರೆತುಹೋಗಿದೆ. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳಿಗೆ ಒಂದೇ ಮಹಾನಗರಪಾಲಿಕೆಯು ಏರ್ಪಟ್ಟಿತು. ಊರು ಯಾವುದು, ಪೇಟೆ ಯಾವುದು ಎಂಬ ಎಲ್ಲೆಯು ಕ್ರಮೇಣ ಅಳಿಸುತ್ತ ಬಂದಿತು. ಆದರೆ ‘ಕೊಪ್ಪ’ವೆಂಬ ಶಬ್ದವು ಹಳೆಯ ಸಂಗತಿಯನ್ನು ಮರೆಯಗೊಟ್ಟಿಲ್ಲ. ಕೊಪ್ಪವೆಂದರೆ ಚಿಕ್ಕ ಹಳ್ಳಿ. ಇಂಥ ನೂರಾರು ಕೊಪ್ಪಗಳೂ ಹಾಳ ಹಟ್ಟಿಗಳೂ ಕೂಡಿಯೇ ಧಾರವಾಡ ಸೀಮೆಯಾಯಿತು. ಈ ಹಳ್ಳಿಗಳ ಒಕ್ಕಲು ಮಕ್ಕಳ ಕೈಗೆ ಪುಸ್ತಕವು ಹೇಗೆ ಬಂದಿತು, ಯಾರು ತಂದುಕೊಟ್ಟರು, ತಂದವರು ಗತಿಸಿದ ಮೇಲೆಯೂ ಅದು ಹೇಗೆ ಉಳಿಯಿತು ಎಂಬ ಚರಿತ್ರೆಯನ್ನು ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಸದ್ಭಕ್ತರು ನೆನೆಯುವುದು ಉಚಿತವಾಗಿದೆ. ಶಾಲೆಯು ಯಾವುದರಿಂದ ಏಳಿಗೆಗೆ ಬರುತ್ತದೆ, ಅದನ್ನು ನಡೆಸುವವರ ಹೊಣೆ ಎಂಥದು ಎಂಬ ಪ್ರಶ್ನೆಗೆ ಉತ್ತರವು ಈ ಚರಿತ್ರೆಯಲ್ಲಿಯೇ ಅಡಗಿದೆ.

ಮೊದಲು ‘ಮಠ’ವೆಂಬ ಮಾತನ್ನೇ ವಿಚಾರಿಸಬೇಕು. ಕನ್ನಡ ನಾಡಿನಲ್ಲಿ ಮಠವೆಂದರೆ ಗುರುಸ್ಥಾನವೂ ಅಹುದು, ಮಕ್ಕಳು ಅಕ್ಷರ ಕಲಿಯುವ ಸ್ಥಳವೂ ಅಹುದು. ಸರಕಾರದ ಶಾಲೆಗಳು ಬರುವುದಕ್ಕೆ ಮುಂಚೆ ಊರೂರಲ್ಲಿ ‘ಕೂಲಿಮಠ’ಗಳಿದ್ದವು. ಊರ ಮಠದಲ್ಲಿಯೋ ಗುಡಿಯ ಪೌಳಿಯಲ್ಲಿಯೋ ಯಾರಾದರೊಬ್ಬರ ಪಡಸಾಲೆಯಲ್ಲಿಯೋ ಅಯ್ಯನವರು ಹುಡುಗರನ್ನು ಕೂಡಿಸಿಕೊಂಡು ಕಲಿಸುತ್ತಿದ್ದರು. ಪಾಲಕರು ಕಾಳುಕಡಿಯನ್ನೂ ಅಷ್ಟಿಷ್ಟು ಹಣವನ್ನೂ ಕೊಡುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿಯನ್ನು ಬಾಯಿಪಾಠ ಮಾಡುವುದು, ಕಡತವನ್ನು ಓದುವುದು, ಲೆಕ್ಕವಿಡುವುದು, ಇಷ್ಟೇ ಅಲ್ಲಿಯ ವಿದ್ಯೆ. ಶಿಕ್ಷೆಯೂ ಕಠಿಣವಾಗಿದ್ದಿತು; ಹುಡುಗನನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಹೆಸರನ್ನು ಕೇಳಿ ನಡುಗದ ಬಾಲಕರಿರಲಿಲ್ಲ. ಆ ಮಠಗಳನ್ನು ಹೊಗಳಿ ಕೊಂಡಾಡುವ ಕಾರಣವಿಲ್ಲ. ಹೆಣ್ಣುಮಕ್ಕಳಿಗೂ ದಲಿತರ ಮಕ್ಕಳಿಗೂ ಅಲ್ಲಿ ಸ್ಥಳವೇ ಇದ್ದಿಲ್ಲವೆನ್ನಬಹುದು. ಆದರೂ ಒಂದು ಗುಣವನ್ನು ಒಪ್ಪಬೇಕು. ಅಯ್ಯನವರು ಊರವರಾಗಿದ್ದರು, ಪ್ರತಿಯೊಬ್ಬ ಹುಡುಗನ ಮನೆಯ ಸ್ಥಿತಿಗತಿಯನ್ನು ಬಲ್ಲವರಾಗಿದ್ದರು, ಕಲಿಸುವ ಮಾತು ಮಕ್ಕಳ ಮನೆಮಾತಾಗಿದ್ದಿತು.

1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಈ ಸೀಮೆಯು ಇಂಗ್ಲಿಷರ ಕೈಸೇರಿ, ಮುಂದೆ ಮುಂಬಯಿ ಇಲಾಖೆಯ ಭಾಗವಾಯಿತು. ಪೇಶವೆಯರ ಕಾಲದಿಂದ ಕಚೇರಿಯಲ್ಲಿ ಬೇರೂರಿದ್ದ ಮರಾಠಿಯು ಹೊಸ ಶಾಲೆಗಳಿಗೂ ಬಂದಿತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮರಾಠಿ ಪುಸ್ತಕವನ್ನು ಹಿಡಿಯಬೇಕಾಯಿತು. ಪಾಠವನ್ನು ತಿಳಿಯುವುದಕ್ಕೆ ಮೊದಲು ಪಾಠದ ಭಾಷೆಯನ್ನು ತಿಳಿಯುವ ಇಮ್ಮಡಿ ಹೊರೆಯು ಮಗುವಿನ ತಲೆಯ ಮೇಲೆ ಬಿದ್ದಿತು. ಒಕ್ಕಲಿಗನು ‘ಈ ಓದು ನಮ್ಮದಲ್ಲ’ವೆಂದು ಮಗನನ್ನು ಹೊಲಕ್ಕೆ ಕರೆದೊಯ್ದರೆ ಆತನನ್ನು ದೂಷಿಸುವಂತಿರಲಿಲ್ಲ. ಈ ಅನ್ಯಾಯವನ್ನು ಕಂಡ ವಾಲ್ಟರ್ ಎಲಿಯಟ್ ಸಾಹೇಬರು ಸ್ವಂತ ವೆಚ್ಚದಿಂದ ಧಾರವಾಡದಲ್ಲಿ ಕನ್ನಡ ಶಾಲೆಯನ್ನು ನಡೆಯಿಸಿದರು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರೂ ತಮ್ಮ ಧರ್ಮಪ್ರಸಾರದ ಕಾರ್ಯದೊಡನೆ ಕನ್ನಡವನ್ನು ಹಿಡಿದು ಶಾಲೆಗಳನ್ನು ತೆರೆದರು. ಆದರೆ ಬಿಡಿಯಾದ ಶಾಲೆಯೊಂದರಿಂದ ಒಂದು ನಾಡಿನ ವಿದ್ಯೆಯು ತಿದ್ದುವುದಿಲ್ಲ.

ಆ ಕಾರ್ಯಕ್ಕೆ ಮುಂದಾದವರು ಧಾರವಾಡದವರೇ ಆದ ಚನ್ನಬಸಪ್ಪನವರು. ಅವರು ಪುಣೆಗೆ ಹೋಗಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿ, ಮುಂಬಯಿ ಸರಕಾರದ ವಿದ್ಯಾಖಾತೆಯನ್ನು ಸೇರಿದರು. 1854ರ ವುಡ್ ಸಾಹೇಬರ ಶಿಕ್ಷಣ ನಿರೂಪದ ತರುವಾಯ ಇಲಾಖೆಗಳಲ್ಲಿ ವಿದ್ಯಾಖಾತೆಗಳು ಹುಟ್ಟಿದ ಕಾಲವದು. ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನ, ಎಂದರೆ ಶಿಕ್ಷಕರನ್ನು ತಯಾರಿಸುವ ಶಾಲೆಯ, ಮುಖ್ಯರಾಗಿಯೂ ಮುಂದೆ ಡೆಪ್ಯುಟಿ ಇನ್ಸ್ಪೆಕ್ಟರರಾಗಿಯೂ ಕೆಲಸ ಮಾಡಿದರು. ‘ಡೆಪ್ಯುಟಿ ಚನ್ನಬಸಪ್ಪ’ ಎಂಬ ಹೆಸರೇ ನಾಡಿನಲ್ಲಿ ನಿಂತಿತು. ಮೇಲಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಕನ್ನಡದ ಪಕ್ಷಪಾತಿಗಳಾಗಿದ್ದುದು ಅವರಿಗೆ ಬಲವಾಯಿತು. ಕನ್ನಡ ಊರುಗಳಲ್ಲಿದ್ದ ಮರಾಠಿ ಶಾಲೆಗಳು ಒಂದೊಂದಾಗಿ ಕನ್ನಡ ಶಾಲೆಗಳಾದವು.

ಈ ಕಾರ್ಯದ ಕ್ರಮವನ್ನು ವಾಚಕರು ಸೂಕ್ಷ್ಮವಾಗಿ ನೋಡಬೇಕು. ಮರಾಠಿಯನ್ನು ತೆಗೆದು ಕನ್ನಡವನ್ನಿಡಬೇಕೆಂದು ಅಪ್ಪಣೆ ಹೊರಡಿಸುವುದು ಸುಲಭ. ಅಪ್ಪಣೆಯನ್ನು ನಡೆಸಲು ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರೆಲ್ಲಿ? ಅವರ ಕೈಗೆ ಕೊಡತಕ್ಕ ಪುಸ್ತಕಗಳೆಲ್ಲಿ? ಈ ಎರಡು ಕೊರತೆಗಳನ್ನು ತುಂಬದೆ ಹೋಗಿದ್ದರೆ ಕನ್ನಡ ಶಾಲೆಯು ಹೆಸರಿಗಷ್ಟೇ ಕನ್ನಡವಾಗಿ ಉಳಿಯುತ್ತಿದ್ದಿತು. ನಾರ್ಮಲ್ ಸ್ಕೂಲು ಮುಂದೆ ಟ್ರೇನಿಂಗ್ ಕಾಲೇಜಾಗಿ ಬೆಳೆದು ಮೊದಲನೆಯ ಕೊರತೆಯನ್ನು ತುಂಬಿತು. ಹಳ್ಳಿಗಳಿಂದ ಬಂದ ತರುಣರು ಅಲ್ಲಿ ಕಲಿಸುವ ಕ್ರಮವನ್ನು ಕಲಿತು, ಮರಳಿ ಹಳ್ಳಿಗಳಿಗೆ ಹೋಗಿ ಶಾಲೆಗಳನ್ನು ಹಿಡಿದರು. ಎರಡನೆಯ ಕೊರತೆಯನ್ನು ವಿದ್ಯಾಖಾತೆಯ ಪಂಡಿತರು ತುಂಬಿದರು. ತುರಮರಿ ಗಂಗಾಧರ ಮಡಿವಾಳೇಶ್ವರರು, ವೆಂಕಟ ರಂಗೋ ಕಟ್ಟಿಯವರು ಮೊದಲಾದ ವಿದ್ವಾಂಸರು ಈ ಕಾಲದಲ್ಲಿಯೇ ಕನ್ನಡ ಗದ್ಯಕ್ಕೆ ಹೊಸ ಹಾದಿಯನ್ನು ಹಾಕಿದರು. ಚನ್ನಬಸಪ್ಪನವರು ತಾವೇ ಶೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಿಸಿದರು. ಅಧಿಕಾರಿಯು ತಾನೇ ಬರೆಯತೊಡಗಿದ್ದನ್ನು ಕಂಡು ಮಾಸ್ತರರಲ್ಲಿಯೂ ಬರೆಯುವ ಹುರುಪು ಹುಟ್ಟಿದ್ದು ಆಶ್ಚರ್ಯವಲ್ಲ.

ಇನ್ನೊಂದು ಸಂಗತಿಯು ಮೇಲ್ನೋಟಕ್ಕೆ ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. 1860ರ ದಶಕದಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ಯೆಂಬ ಮಾಸಪತ್ರಿಕೆಯು ಹೊರಟಿತು; ಅದೇ ಮುಂದೆ ‘ಶಾಲಾಪತ್ರಿಕೆ’ಯಾಯಿತು. ಪತ್ರಿಕೆಗೆ ‘ಮಠ’ದ ಹೆಸರನ್ನಿಟ್ಟುದರಲ್ಲಿಯೇ ಹಳೆಯ ಕೂಲಿಮಠಕ್ಕೂ ಹೊಸ ಶಾಲೆಗೂ ಇರುವ ನಂಟು ತೋರುತ್ತದೆ. ಆಗಿನ ಕಾಲದಲ್ಲಿ ಹಳ್ಳಿಯ ಮಾಸ್ತರನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ರಸ್ತೆಯಿಲ್ಲದ ಊರು, ಒಬ್ಬನೇ ಶಿಕ್ಷಕ, ನಾಲ್ಕೈದು ವರ್ಗಗಳು, ಮಳೆಗಾಲದಲ್ಲಿ ಹಳ್ಳ ಬಂದರೆ ಹೊರಗಿನ ಸುದ್ದಿಯೇ ಇಲ್ಲ. ಅಂಥವನ ಕೈಗೆ ಕನ್ನಡದ ಪತ್ರಿಕೆಯೊಂದು ಬಂದಿತೆಂದರೆ ತಾನು ಒಬ್ಬಂಟಿಗನಲ್ಲವೆಂಬ ಧೈರ್ಯವು ಬಂದಿತೆಂದೇ ಅರ್ಥ. ತರಬೇತಿಯಲ್ಲಿ ಹಚ್ಚಿದ ದೀಪಕ್ಕೆ ಈ ಪತ್ರಿಕೆಯು ಎಣ್ಣೆಯಾಯಿತು.

ಚನ್ನಬಸಪ್ಪನವರು 1881ರಲ್ಲಿ, ಐವತ್ತು ತುಂಬುವ ಮುನ್ನವೇ, ಕಾಲವಾದರು. ಅವರು ಹೋದರೆಂದು ಕನ್ನಡ ಶಾಲೆಗಳು ಮತ್ತೆ ಮರಾಠಿಗೆ ತಿರುಗಲಿಲ್ಲ. ಅವರ ನಾಯಕತ್ವದ ನಿಜವಾದ ಪರೀಕ್ಷೆಯು ಇದರಲ್ಲಿದೆ. ತಾನಿರುವತನಕ ಎಲ್ಲವೂ ತನ್ನಿಂದಲೇ ನಡೆಯಬೇಕೆನ್ನುವ ಮುಖ್ಯನು ಹೋದೊಡನೆ ಸಂಸ್ಥೆಯು ಕುಸಿಯುತ್ತದೆ. ತನ್ನಂಥವರನ್ನು ನೂರು ಜನರನ್ನು ಸಿದ್ಧಮಾಡಿದವನು ಹೋದರೂ ಕಾರ್ಯವು ನಿಲ್ಲುವುದಿಲ್ಲ. 1890ರ ಜುಲೈ 20ರಂದು ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದಾಗ, ಅದನ್ನು ಎತ್ತಿಹಿಡಿಯಲು ಕನ್ನಡ ಕಲಿತ ಒಂದು ತಲೆಮಾರು ಸಿದ್ಧವಾಗಿ ನಿಂತಿದ್ದಿತು.

ಇದೇ ಕಾಲದಲ್ಲಿ ಶಾಲೆಯ ಏಳಿಗೆಯನ್ನು ಅಳೆಯುವ ಬೇರೊಂದು ಪದ್ಧತಿಯೂ ಈ ಇಲಾಖೆಯಲ್ಲಿ ನಡೆದಿದ್ದಿತು. ಪರೀಕ್ಷೆಯಲ್ಲಿ ಎಷ್ಟು ಹುಡುಗರು ತೇರ್ಗಡೆಯಾದರೆಂದು ಎಣಿಸಿ, ಆ ಲೆಕ್ಕದಂತೆ ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಕೊಡುವುದೇ ಆ ಪದ್ಧತಿ. ದುಡ್ಡು ಕೊಟ್ಟವರಿಗೆ ಫಲವನ್ನು ಕೇಳುವ ಹಕ್ಕುಂಟೆಂಬುದು ಮೇಲ್ನೋಟಕ್ಕೆ ನ್ಯಾಯವೇ. ಆದರೆ ಫಲವೆಂದರೆ ಎಣಿಕೆಯೆಂದಾದಾಗ ಜಾಣ ಹುಡುಗನು ಮಾಸ್ತರನಿಗೆ ಗಳಿಕೆಯಾದನು, ಮಂದನು ನಷ್ಟವಾದನು. ತಿಳಿವಳಿಕೆಗಿಂತ ಬಾಯಿಪಾಠವು ಬೆಲೆಬಾಳಿತು. ಇನ್ಸ್ಪೆಕ್ಟರನು ಮಾರ್ಗದರ್ಶಕನಾಗದೆ ಲೆಕ್ಕತಪಾಸಣಿಗಾರನಾದನು. 1904ರಲ್ಲಿ ಹಿಂದುಸ್ಥಾನ ಸರಕಾರವೇ ತನ್ನ ಶಿಕ್ಷಣ ನಿರ್ಣಯದಲ್ಲಿ ಈ ಕ್ರಮವನ್ನು ಕೈಬಿಟ್ಟಿತು. ಶೇಕಡಾವಾರು ಫಲವನ್ನು ಫಲಕದ ಮೇಲೆ ಬರೆಯಿಸಿ ಹಿಗ್ಗುವ ಅಭ್ಯಾಸವು ಇಂದಿಗೂ ಹೋಗಿಲ್ಲವಾದುದರಿಂದ ಈ ಹಳೆಯ ಪಾಠವನ್ನು ನೆನಪಿಡುವುದು ಒಳ್ಳೆಯದು. ಪರೀಕ್ಷೆಯು ಬೇಡವೆಂದಲ್ಲ. ಹಿಂದುಳಿದ ಮಗುವು ಎಷ್ಟು ಮುಂದೆ ಬಂದಿತೆಂದು ಕೇಳದ ಪರೀಕ್ಷೆಯು ಶಾಲೆಯ ಅರ್ಧವನ್ನಷ್ಟೇ ನೋಡುತ್ತದೆ.

ಪ್ರಾಥಮಿಕ ಶಾಲೆಯಿಂದ ಮೇಲಿನ ವಿದ್ಯೆಗೆ ಏರುವುದು ಹಳ್ಳಿಯ ಬಡ ಬಾಲಕನಿಗೆ ಇನ್ನೂ ಕಠಿಣವಾಗಿದ್ದಿತು. ಇದನ್ನರಿತ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿಯನ್ನು ಕೂಡಿಸಿದರು. ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಹಣವು ಕೂಡಿತು, ಆದರೆ ಹಣವು ಪಾಠ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದವರು 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿದ ತರುಣರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಎಚ್. ಎಫ್. ಕಟ್ಟೀಮನಿ ಮೊದಲಾದ ಆ ಸಂಸ್ಥಾಪಕರನ್ನು ನಾಡು ‘ಸಪ್ತರ್ಷಿ’ಗಳೆಂದು ಕರೆಯಿತು. ಪದವೀಧರರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಸರಕಾರದ ದೊಡ್ಡ ಚಾಕರಿಯು ಅವರಿಗೆ ದುರ್ಲಭವಾಗಿರಲಿಲ್ಲ. ಅದನ್ನು ಒಲ್ಲೆನೆಂದು ಅಲ್ಪ ಸಂಬಳದ ಮಾಸ್ತರಿಕೆಯನ್ನು ಆಯ್ದುಕೊಂಡರು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಗೋಖಲೆಯವರೇ ಮೊದಲಾದವರು ನಡೆಸಿ ತೋರಿಸಿದ್ದ ಆಜೀವ ಸದಸ್ಯತ್ವದ ಪದ್ಧತಿಯು ಅವರಿಗೆ ಮೇಲ್ಪಂಕ್ತಿಯಾಯಿತು. ಈ ಪದ್ಧತಿಯಲ್ಲಿ ಕಲಿಸುವವರೇ ಆಡಳಿತವನ್ನೂ ನಡೆಸುತ್ತಾರೆ. ವರ್ಗದ ಕಷ್ಟವನ್ನರಿಯದ ಅಧಿಕಾರಿಯು ವರ್ಗದ ಮೇಲೆ ಅಪ್ಪಣೆ ಮಾಡುವ ಪ್ರಸಂಗವು ಬರುವುದಿಲ್ಲ. ಹಿರಿಯರಾದ ಗಿಲಗಂಚಿ, ಅರಟಾಳರ ಹೆಸರುಗಳನ್ನು ಹೈಸ್ಕೂಲಿಗೂ, ದಾನಿಗಳಾದ ಲಿಂಗರಾಜರ ಹೆಸರನ್ನು 1933ರಲ್ಲಿ ಆರಂಭವಾದ ಕಾಲೇಜಿಗೂ ಇಟ್ಟು, ಸ್ಥಾಪಕರು ತಾವು ಹಿಂದೆ ನಿಂತರು. 1947ರಲ್ಲಿ ಇದೇ ಸಂಸ್ಥೆಯ ವಾಣಿಜ್ಯ ಮಹಾವಿದ್ಯಾಲಯವೂ ಭೂಮರಡ್ಡಿ ಎಂಜಿನಿಯರಿಂಗ್ ಮಹಾವಿದ್ಯಾಲಯವೂ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದವು.

ಶಾಲೆಯಿದ್ದರೂ ಹಸಿದ ಹೊಟ್ಟೆಗೆ ವಿದ್ಯೆಯು ಹತ್ತುವುದಿಲ್ಲ. ಈ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವು ಮಠಗಳು. ಧಾರವಾಡದ ಶ್ರೀ ಮುರುಘಾಮಠದ ಉಚಿತ ಪ್ರಸಾದನಿಲಯವು ಪೂಜ್ಯ ಶ್ರೀ ಮೃತ್ಯುಂಜಯ ಸ್ವಾಮಿಗಳವರ ಕಾಲದಲ್ಲಿ ನಾಡಿಗೆ ಹೆಸರಾಯಿತು. ಅಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳು ಮುಂದೆ ನಾಡಿನ ಕಾರ್ಯಗಳಿಗೆ ಹೆಗಲು ಕೊಟ್ಟರು. ತುಮಕೂರು ಸೀಮೆಯ ಶ್ರೀ ಸಿದ್ಧಗಂಗಾ ಕ್ಷೇತ್ರದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತವನ್ನೆಣಿಸದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದರು. ಒಂದು ಸಮಾಜದ ಏಳಿಗೆಗೆಂದು ಆರಂಭವಾದ ವಿದ್ಯಾಕಾರ್ಯವು ಸಕಲರ ಏಳಿಗೆಗಾಗಿ ತೆರೆದುಕೊಂಡಾಗಲೇ ಶರಣರ ಆಶಯಕ್ಕೆ ತಕ್ಕುದಾಯಿತೆಂದು ಹೇಳಬೇಕು.

ಮಠಗಳ ಮುಂದಾಳುಗಳಿಗೂ ತಕ್ಕ ಶಿಕ್ಷಣವು ಬೇಕೆಂದು ಮನಗಂಡವರು ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರು. 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ತೀರದಲ್ಲಿ ಅವರು ಸ್ಥಾಪಿಸಿದ ಶಿವಯೋಗ ಮಂದಿರವು ವಟುಗಳನ್ನು ಶಾಸ್ತ್ರ, ಯೋಗ, ಸೇವೆಗಳಲ್ಲಿ ತಿದ್ದುವ ಗುರುಕುಲವಾಯಿತು. ಹುಟ್ಟುಕುರುಡನಾದ ಹಳ್ಳಿಯ ಬಾಲಕನೊಬ್ಬನ ಕಂಠವನ್ನು ಕೇಳಿ ಅವನ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದವರೂ ಅವರೇ. ಆ ಬಾಲಕನು ಪಂಚಾಕ್ಷರ ಗವಾಯಿಗಳಾಗಿ ಪ್ರಸಿದ್ಧಿ ಪಡೆದು, ತನ್ನಂತೆ ಕಣ್ಣಿಲ್ಲದ ಪುಟ್ಟರಾಜರನ್ನು ಸಿದ್ಧಮಾಡಿದನು. ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವತನಕ ಗದುಗಿನ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧರಿಗೂ ಅನಾಥರಿಗೂ ವಿದ್ಯೆಯನ್ನಿತ್ತರು. ಪರೀಕ್ಷೆಯ ಎಣಿಕೆಯಲ್ಲಿ ‘ನಷ್ಟ’ವೆಂದು ಬಿಟ್ಟುಹೋಗತಕ್ಕ ಮಗುವನ್ನು ಒಬ್ಬ ಗುರುವು ಎತ್ತಿಕೊಂಡುದರ ಫಲವು ಇಷ್ಟು ದೂರ ಹರಿಯಿತು.

ಈ ಚರಿತ್ರೆಯಿಂದ ತಿಳಿಯುವುದೇನು? ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ, ಕಲಿಸಲು ಕಲಿತ ಶಿಕ್ಷಕ, ಆ ಶಿಕ್ಷಕನನ್ನು ಒಂಟಿಯಾಗಿ ಬಿಡದ ಮೇಲ್ವಿಚಾರಕ, ಹಸಿದವನಿಗೆ ಅನ್ನ, ತನ್ನ ಹೆಸರಿಗಿಂತ ತನ್ನ ಉತ್ತರಾಧಿಕಾರಿಗಳ ಚಿಂತೆಯನ್ನು ಮಾಡುವ ಮುಖ್ಯ. ಇವುಗಳಿದ್ದಲ್ಲಿ ಹುಲ್ಲಿನ ಛಪ್ಪರದ ಕೆಳಗಿನ ಶಾಲೆಯೂ ಏಳಿಗೆಗೆ ಬಂದಿದೆ. ಇವು ಇಲ್ಲದಲ್ಲಿ ಕಲ್ಲಿನ ಕಟ್ಟಡವೂ ದಾನಿಗಳ ಹೆಸರಿನ ಶಿಲೆಯೂ ನಿಂತಿರುತ್ತವೆ, ವರ್ಗದಲ್ಲಿ ಮಾತ್ರ ಮಾಸ್ತರರು ಇರುವುದಿಲ್ಲ. ಮಠಗಳು ನಡೆಸುವ ವಿದ್ಯಾಸಂಸ್ಥೆಗಳು ಇಂದು ನಾಡಿನಲ್ಲಿ ಬಹಳವಾಗಿವೆ. ಅವುಗಳ ಸಂಖ್ಯೆಯನ್ನು ಹೇಳಿ ಸಂತೋಷಪಡುವ ದಿನವೇ ಇನ್ನೊಂದು ಲೆಕ್ಕವನ್ನೂ ಭಕ್ತರು ಕೇಳಬೇಕು: ಕಲಿಸುವವರ ಸ್ಥಿತಿ ಹೇಗಿದೆ, ಬಡವನ ಮಗುವಿಗೆ ಬಾಗಿಲು ತೆರೆದಿದೆಯೋ, ಹತ್ತು ವರ್ಷಗಳ ಮೇಲೆ ಈ ಶಾಲೆಯನ್ನು ಹಿಡಿಯತಕ್ಕವರನ್ನು ಈಗಲೇ ತಿದ್ದಲಾಗುತ್ತಿದೆಯೋ? ಈ ಕೇಳಿಕೆಯು ಅವಿನಯವಲ್ಲ. ಅದೂ ಒಂದು ಸೇವೆಯೇ.

ಗೋಪನಕೊಪ್ಪದಂಥ ಊರಿನ ಮಗುವೊಂದು ಬೆಳಿಗ್ಗೆ ಚೀಲವನ್ನು ಹೆಗಲಿಗೇರಿಸಿ ಹೊರಡುವಾಗ ಅದಕ್ಕೆ ಚನ್ನಬಸಪ್ಪನವರ ಹೆಸರು ತಿಳಿದಿರಲಾರದು. ತಿಳಿಯದಿದ್ದರೂ ಬಾಧಕವಿಲ್ಲ. ಆ ಮಗುವಿನ ಕೈಯಲ್ಲಿ ಕನ್ನಡದ ಪುಸ್ತಕವಿದ್ದು, ಎದುರಿಗೆ ಅದರ ಹೆಸರನ್ನು ಹಿಡಿದು ಕರೆಯುವ ಶಿಕ್ಷಕರಿದ್ದರೆ, ಹಿರಿಯರ ಶ್ರಮವು ಸಾರ್ಥಕವಾಯಿತು. ಶ್ರೀಮಠದ ಈ ಮಹೋತ್ಸವವು ಅಂಥ ಶಿಕ್ಷಕರನ್ನೂ ಅವರನ್ನು ಸಲಹುವ ಮುಂದಾಳುಗಳನ್ನೂ ನಾಡಿಗೆ ಕೊಡುವ ಸಂಕಲ್ಪಕ್ಕೆ ನಾಂದಿಯಾಗಲಿ.